ಕ್ಲೋರಿನ್ ಇರಲಿ, ಕೊಳೆ ಹೋಗಲಿ: ತುಮಕೂರಿನ ನಲ್ಲಿ ನೀರಿಗೊಂದು ಸಮಗ್ರ ಮಾರ್ಗದರ್ಶಿ

ಬೇಸಿಗೆ ಶುರುವಾಗುತ್ತಿದ್ದಂತೆ ತುಮಕೂರಿನಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. "ನಲ್ಲಿ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡೀತಿದೆ ಕಣ್ರೀ." ಅದರ ಬೆನ್ನಿಗೇ ವಾಟ್ಸ್ಆ್ಯಪ್‌ನಲ್ಲಿ ಇನ್ನೊಂದು ಸುದ್ದಿ ಓಡಾಡುತ್ತದೆ: ಕ್ಲೋರಿನ್ ಹಾಕಿದ ನೀರು ಕುಡಿದರೆ ಕ್ಯಾನ್ಸರ್ ಬರುತ್ತಂತೆ.

ಇದರಲ್ಲಿ ಸ್ವಲ್ಪ ನಿಜ ಇದೆ. ಆ ಸ್ವಲ್ಪವನ್ನು ಸರಿಯಾಗಿ ತಿಳಿದುಕೊಳ್ಳದೆ ಕೆಲವರು ಸಂಪಿಗೆ ಕ್ಲೋರಿನ್ ಹಾಕುವುದನ್ನೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಸಾವಿರಾರು ರೂಪಾಯಿ ಕೊಟ್ಟು ಬೇಕಿಲ್ಲದ ಯಂತ್ರ ತಂದು ಗೋಡೆಗೆ ನೇತು ಹಾಕುತ್ತಾರೆ. ಎರಡರಿಂದಲೂ ಮೂಲ ತೊಂದರೆ ಹೋಗುವುದಿಲ್ಲ. ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಬರೆದಿರುವುದು ಮುಖ್ಯವಾಗಿ ತುಮಕೂರು ನಗರದ ಮನೆಗಳಿಗೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ತೊಂದರೆ ಹುಟ್ಟುವುದು ಎಲ್ಲಿ?

ತುಮಕೂರಿಗೆ ಹೇಮಾವತಿ ನೀರು ಗೊರೂರು ಅಣೆಕಟ್ಟೆಯಿಂದ ತೆರೆದ ನಾಲೆಯಲ್ಲಿ ಬರುತ್ತದೆ. ನಾಲೆಗೆ ನೀರು ಬಿಟ್ಟಾಗ ಬುಗುಡನಹಳ್ಳಿ ಕೆರೆ ತುಂಬಿಸಿಕೊಳ್ಳುತ್ತಾರೆ. ಆಮೇಲೆ ಆ ನೀರು ಬೇಸಿಗೆಯವರೆಗೂ ಬರಬೇಕು. ದಾರಿಯಲ್ಲಿ ಎಲೆ, ಹುಲ್ಲು, ತೋಟದ ಮಣ್ಣು ಸೇರುತ್ತವೆ. ಕೆರೆಯಲ್ಲಿ ತಿಂಗಳುಗಟ್ಟಲೆ ನಿಂತಾಗ ಪಾಚಿ ಬೆಳೆಯುತ್ತದೆ. ಕೊಳೆತ ಎಲೆ, ಸತ್ತ ಪಾಚಿಯಿಂದ ನೀರಿಗೆ ಇಳಿಯುವ ಅಂಶವನ್ನು ಸಾವಯವ ಕೊಳೆ ಅಂತ ಕರೆಯೋಣ. ಅದರಲ್ಲಿ ಹೆಚ್ಚಿನ ಪಾಲು ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳದ್ದು. ಇವು ಬರಿಗಣ್ಣಿಗೆ ಕಾಣಲೇಬೇಕು ಅಂತಿಲ್ಲ. ತಿಳಿಯಾಗಿ ಕಾಣುವ ನೀರಿನಲ್ಲೂ ಇರುತ್ತವೆ.

ಕ್ಲೋರಿನ್ ಹಸಿದ ಮೇಕೆ ಇದ್ದ ಹಾಗೆ. ಎದುರು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ರೋಗಾಣುವನ್ನು ಕೊಲ್ಲಲಿ ಅಂತ ನಾವು ಹಾಕುತ್ತೇವೆ, ಅದು ಈ ಸಾವಯವ ಕೊಳೆಯ ಜೊತೆಗೂ ಸೇರಿಕೊಳ್ಳುತ್ತದೆ. ಆಗ ಹುಟ್ಟುವ ಹೊಸ ರಾಸಾಯನಿಕಗಳೇ ಕ್ಲೋರಿನ್ನಿನ ಉಪಉತ್ಪನ್ನಗಳು. ಇದುವರೆಗೆ 600ಕ್ಕೂ ಹೆಚ್ಚು ಬಗೆಯವನ್ನು ಗುರುತಿಸಿದ್ದಾರೆ. ಸಾಮಾನ್ಯವಾಗಿ ಅಳೆಯುವುದು ಎರಡು ಗುಂಪುಗಳನ್ನು. ಒಂದು, ಟ್ರೈಹ್ಯಾಲೋಮೀಥೇನ್‌ಗಳು, ಸುಲಭಕ್ಕೆ ಟಿಎಚ್‌ಎಂ ಅನ್ನೋಣ. ಕ್ಲೋರೋಫಾರ್ಮ್ ಈ ಗುಂಪಿನದು. ಇನ್ನೊಂದು, ಹ್ಯಾಲೋಅಸಿಟಿಕ್ ಆಮ್ಲಗಳು.

1974ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಂ ನಗರದ ನೀರಿನಲ್ಲಿ ಟಿಎಚ್‌ಎಂಗಳನ್ನು ರೂಕ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದು ಪ್ರಕಟಿಸಿದರು. ಅಮೆರಿಕ 1979ರಲ್ಲೇ ಮಿತಿ ಹಾಕಿತು. ನಮ್ಮಲ್ಲಿಯೂ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500, 2012ರ ಆವೃತ್ತಿಯಲ್ಲಿ ನಾಲ್ಕು ಟಿಎಚ್‌ಎಂಗಳಿಗೂ ಮಿತಿ ಇದೆ.

ಉಪಉತ್ಪನ್ನ ಜಾಸ್ತಿಯಾಗುವುದು ಯಾವಾಗ? ಕೊಳೆ ಜಾಸ್ತಿ ಇದ್ದಾಗ, ಕ್ಲೋರಿನ್ ಜಾಸ್ತಿ ಸುರಿದಾಗ, ನೀರು ಬಿಸಿಯಾಗಿದ್ದಾಗ, ಕ್ಲೋರಿನ್ ಸೇರಿದ ನೀರು ಬಹಳ ಹೊತ್ತು ನಿಂತಾಗ. ನಮ್ಮ ಬೇಸಿಗೆ, ತಳ ಕಾಣುತ್ತಿರುವ ಕೆರೆ, ದಿನಗಟ್ಟಲೆ ಸಂಪಿನಲ್ಲಿ ನಿಲ್ಲುವ ನೀರು, ಬಿಸಿಲಿಗೆ ಕಾದ ಕಪ್ಪು ಟ್ಯಾಂಕು. ನಾಲ್ಕೂ ಇಲ್ಲೇ ಇವೆ, ಅಲ್ವಾ?

ವಾಸನೆಯ ಬಗ್ಗೆ ಒಂದು ಮಾತು. ಮೂಗಿಗೆ ಬಡಿಯುವ ಘಾಟು ಕ್ಲೋರಿನ್ನಿನದು, ಇಲ್ಲವೇ ಅದು ಅಮೋನಿಯಾ ಜೊತೆ ಸೇರಿ ಆಗುವ ಕ್ಲೋರಮೈನ್‌ಗಳದು. ನೀರಿನಲ್ಲಿರುವಷ್ಟು ಕಡಿಮೆ ಪ್ರಮಾಣದ ಟಿಎಚ್‌ಎಂ ಮೂಗಿಗೆ ಗೊತ್ತಾಗುವುದಿಲ್ಲ. ವಾಸನೆ ಇದ್ದ ನೀರಲ್ಲಿ ಅದು ಕಡಿಮೆ ಇರಬಹುದು, ವಾಸನೆ ಇಲ್ಲದ ನೀರಲ್ಲಿ ಜಾಸ್ತಿ ಇರಬಹುದು. ವಾಸನೆ ನೋಡಿ ತೀರ್ಮಾನ ಮಾಡಬೇಡಿ.

ಎಷ್ಟು ಹೆದರಬೇಕು?

ಯುರೋಪ್, ಅಮೆರಿಕಗಳಲ್ಲಿ ಹಲವು ವರ್ಷ ನಡೆದ ಅಧ್ಯಯನಗಳಲ್ಲಿ ಜಾಸ್ತಿ ಟಿಎಚ್‌ಎಂ ಇರುವ ನೀರನ್ನು ದಶಕಗಟ್ಟಲೆ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡುಬಂದಿದೆ. ಪ್ರಾಣಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಯಕೃತ್ತು, ಮೂತ್ರಪಿಂಡಕ್ಕೆ ಹಾನಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಲೋರೋಫಾರ್ಮ್ ಮತ್ತು ಬ್ರೋಮೋಡೈಕ್ಲೋರೋಮೀಥೇನ್ ಎರಡನ್ನೂ '2ಬಿ' ಗುಂಪಿಗೆ ಸೇರಿಸಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ, ಆದರೆ ಪುರಾವೆ ಗಟ್ಟಿಯಾಗಿಲ್ಲ. ಕಡಿಮೆ ತೂಕದ ಮಗು ಹುಟ್ಟುವುದಕ್ಕೂ ಇದಕ್ಕೂ ನಂಟಿದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೊಂದು ಒಂದೊಂದು ರೀತಿ ಹೇಳುತ್ತವೆ.

ಇದು ಜೀವಮಾನದ ಲೆಕ್ಕ. ಈ ವಾರ ಕುಡಿದು ಮುಂದಿನ ವಾರ ಕಾಯಿಲೆ ಬೀಳುವ ವಿಷ ಅಲ್ಲ. ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೀಡಿ ಸಿಗರೇಟು. ಬೀಡಿ ಸೇದುತ್ತಾ ನಲ್ಲಿ ನೀರಿನ ಟಿಎಚ್‌ಎಂ ಬಗ್ಗೆ ಚಿಂತೆ ಮಾಡುವವರು ಮೊದಲು ಬೀಡಿ ಆರಿಸಲಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಕ್ಲೋರಿನ್ ಇಲ್ಲದ ನೀರಿನ ಲೆಕ್ಕ ವಾರಗಳದ್ದಲ್ಲ, ಗಂಟೆಗಳದ್ದು. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿಯಿಂದ ಜನ ಸತ್ತದ್ದು ನಮ್ಮ ಜಿಲ್ಲೆಯವರಿಗೆ ಮರೆತಿಲ್ಲ. ಅದಕ್ಕೆ ಹಿಂದಿನ ವರ್ಷ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಹಾಗೇ ಆಯಿತು. ನಮ್ಮ ಪೈಪುಗಳಲ್ಲಿ ನೀರು ದಿನವಿಡೀ ಇರುವುದಿಲ್ಲ. ನೀರು ನಿಂತ ಮೇಲೆ ಪೈಪು ಖಾಲಿಯಾಗಿ ಬಿರುಕಿನಿಂದ ಸುತ್ತಲಿನ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಥ ಕಡೆ ನೀರಲ್ಲಿ ಉಳಿದಿರುವ ಚೂರು ಕ್ಲೋರಿನ್ನೇ ಕಾವಲು. ಉಪಉತ್ಪನ್ನ ಕಡಿಮೆ ಮಾಡುವ ನೆಪದಲ್ಲಿ ಸೋಂಕು ನಿವಾರಣೆಯನ್ನು ಎಂದೂ ಸಡಿಲ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ನೇರವಾಗಿಯೇ ಹೇಳಿದೆ.

ಹಾಗಾಗಿ ಮುಂದಿನ ಎಲ್ಲ ಹೆಜ್ಜೆಗಳ ಗುರಿ ಒಂದೇ. ಕ್ಲೋರಿನ್ ಉಳಿಸಿಕೊಂಡು, ಅದಕ್ಕೆ ಸಿಗುವ ಕೊಳೆಯನ್ನು ಕಡಿಮೆ ಮಾಡುವುದು.

ಹೆಜ್ಜೆ 1: ನಿಮ್ಮ ನೀರು ಯಾವುದು ಅಂತ ತಿಳಿದುಕೊಳ್ಳಿ

ನೀರುಗಂಟಿಯನ್ನು ಕೇಳಿದರೆ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ಹೇಮಾವತಿಯೋ, ಬೋರ್‌ವೆಲ್ಲೋ, ಎರಡೂ ಬೆರೆಸಿದ್ದೋ. ಎಷ್ಟೋ ಬಡಾವಣೆಗಳಲ್ಲಿ ಕೆರೆ ನೀರು ಕಡಿಮೆಯಾದಾಗ ಬೋರ್ ನೀರು ಬೆರೆಸುತ್ತಾರೆ.

ಕೆರೆ, ಜಲಾಶಯದ ನೀರಾದರೆ ಈ ಬರಹ ನಿಮಗೇ. ಚಿಕ್ಕಬಳ್ಳಾಪುರಕ್ಕೆ ನೀರು ಕೊಡುವ ಜಕ್ಕಲಮಡಗು, ಕೋಲಾರ, ಬಂಗಾರಪೇಟೆ, ಮಾಲೂರಿಗೆಂದು ಕಟ್ಟಿದ ಯರಗೋಳ್, ಎರಡೂ ಇದೇ ಸಾಲಿಗೆ ಸೇರುತ್ತವೆ.

ಆಳದ ಬೋರ್‌ವೆಲ್ ನೀರಾದರೆ ಕಥೆ ಬೇರೆ. ಅದರಲ್ಲಿ ಸಾವಯವ ಕೊಳೆ ಸಾಮಾನ್ಯವಾಗಿ ಬಹಳ ಕಡಿಮೆ, ಉಪಉತ್ಪನ್ನವೂ ಕಡಿಮೆ. ಪಾವಗಡ, ಶಿರಾ, ಮಧುಗಿರಿ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಮೊದಲ ಚಿಂತೆ ಫ್ಲೋರೈಡ್ ಆಗಬೇಕು. ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಇಲ್ಲೊಂದು ಎಚ್ಚರಿಕೆ ಬೇಕು. ಮುಂದೆ ಕುದಿಸುವ ವಿಷಯ ಹೇಳುತ್ತೇನೆ, ಆದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಜಾಸ್ತಿಯಾಗುತ್ತದೆ. ಪಾವಗಡದ ಕಡೆಗೆ ಈಗ ತುಂಗಭದ್ರಾ ಹಿನ್ನೀರು ಬರುವಂತಾಗಿದೆ. ಫ್ಲೋರೈಡ್ ಭಯ ಕಡಿಮೆಯಾಗುತ್ತದೆ, ಸಂತೋಷ. ಅಂಥ ಊರುಗಳು ಇನ್ನು ಕೆರೆ ನೀರಿನ ಪಾಠವನ್ನೂ ಕಲಿಯಬೇಕು.

ಎರಡೂ ಬೆರೆಸಿದ್ದಾದರೆ ಇನ್ನೊಂದು ಸೂಕ್ಷ್ಮ ಇದೆ. ಉಪ್ಪಿನಂಶ ಜಾಸ್ತಿ ಇರುವ ಬೋರ್ ನೀರಲ್ಲಿ ಬ್ರೋಮೈಡ್ ಇರಬಹುದು. ಕೆರೆ ನೀರಿನ ಕೊಳೆ, ಬೋರ್ ನೀರಿನ ಬ್ರೋಮೈಡ್, ಮೇಲೆ ಕ್ಲೋರಿನ್. ಮೂರೂ ಸೇರಿದರೆ ಬ್ರೋಮಿನ್ ಇರುವ ಟಿಎಚ್‌ಎಂ ಹುಟ್ಟುತ್ತವೆ. ಅವುಗಳಲ್ಲಿ ಕೆಲವಕ್ಕೆ ಕ್ಲೋರೋಫಾರ್ಮಿಗಿಂತ ಬಿಗಿಯಾದ ಮಿತಿ ಇದೆ.

ಕೋಲಾರದವರಿಗೂ ಚಿಕ್ಕಬಳ್ಳಾಪುರದವರಿಗೂ ಒಂದು ಮಾತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಕೆಸಿ ವ್ಯಾಲಿ, ಎಚ್ಎನ್ ವ್ಯಾಲಿ ಯೋಜನೆಗಳಲ್ಲಿ ನಿಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಕೋಲಾರಕ್ಕೆ 2018ರಿಂದ ಬರುತ್ತಿದೆ. ಉದ್ದೇಶ ಅಂತರ್ಜಲ ಹೆಚ್ಚಿಸುವುದು, ಕುಡಿಯುವುದಲ್ಲ. ಅಂಥ ಕೆರೆಯ ಪಕ್ಕದಲ್ಲೇ ಇರುವ ಕಡಿಮೆ ಆಳದ ಬಾವಿ ಅಥವಾ ಬೋರ್‌ನಿಂದ ಕುಡಿಯುವ ನೀರು ತರುತ್ತಿದ್ದರೆ ಅಮೋನಿಯಾ, ನೈಟ್ರೇಟ್ ಪರೀಕ್ಷೆ ಮಾಡಿಸಿ. ಅಮೋನಿಯಾ ಇರುವ ನೀರಿಗೆ ಕ್ಲೋರಿನ್ ಎಷ್ಟು ಹಾಕಿದರೂ ಸಾಲುವುದಿಲ್ಲ. ಸುಮ್ನೆ ಸುರಿಯುತ್ತಾ ಹೋದರೆ ಉಪಉತ್ಪನ್ನ ಬೆಳೆಯುತ್ತದೆ, ಅಷ್ಟೇ.

ಹೆಜ್ಜೆ 2: ಕ್ಲೋರಿನ್ ಎಲ್ಲಿ ಖರ್ಚಾಗುತ್ತಿದೆ ಹುಡುಕಿ

ಮನೆಮನೆಗೆ ಬರುವ ಫಿಲ್ಟರ್ ಮಾರುವ ಹುಡುಗರನ್ನು ನೋಡಿರುತ್ತೀರಿ. ನಿಮ್ಮ ನಲ್ಲಿಯಿಂದ ಒಂದು ಲೋಟ ನೀರು ತರಿಸಿ ಎರಡು ಹನಿ ಔಷಧಿ ಬಿಡುತ್ತಾರೆ. ನೀರು ಹಳದಿಯಾಗುತ್ತದೆ. "ನೋಡಿ ಮೇಡಂ, ವಿಷ!" ಆಮೇಲೆ ಇನ್ನೊಂದು ಲೋಟದಲ್ಲಿ ನಿಮ್ಮ ಕೈಯನ್ನೇ ಸ್ವಲ್ಪ ಹೊತ್ತು ಅದ್ದಿಸುತ್ತಾರೆ. ಅದಕ್ಕೆ ಹನಿ ಬಿಟ್ಟರೆ ಹಳದಿ ಬರುವುದಿಲ್ಲ. "ನೋಡಿ, ವಿಷ ಎಲ್ಲ ನಿಮ್ಮ ಮೈಯೊಳಗೆ ಹೋಯಿತು!"

ಆ ಹನಿ ಆರ್ಥೋಟಾಲಿಡಿನ್. ಹಳದಿ ಬಂದರೆ ನೀರಲ್ಲಿ ಕ್ಲೋರಿನ್ ಇದೆ ಅಂತ ಅರ್ಥ. ತಿಳಿ ಹಳದಿ ಬರುವುದು ಒಳ್ಳೆಯ ಸುದ್ದಿ. ಕೈ ಅದ್ದಿದ ಲೋಟದಲ್ಲಿ ಹಳದಿ ಬರದಿರುವುದಕ್ಕೆ ಕಾರಣ ಚರ್ಮದ ಬೆವರು, ಜಿಡ್ಡು, ಕೊಳೆ. ಕ್ಲೋರಿನ್ ಅವುಗಳ ಜೊತೆ ಸೇರಿ ಖರ್ಚಾಗಿಬಿಟ್ಟಿತು. ಆ ಹುಡುಗ ಗೊತ್ತಿಲ್ಲದೆಯೇ ಒಂದು ಒಳ್ಳೆಯ ಪಾಠ ಹೇಳಿ ಹೋದ. ಕ್ಲೋರಿನ್ ಮಾಯವಾದ ಕಡೆ ಅದಕ್ಕೆ ಸಿಕ್ಕಿದ ಕೊಳೆ ಇರುತ್ತದೆ. ಉಪಉತ್ಪನ್ನ ಹುಟ್ಟುವುದೂ ಅಲ್ಲೇ.

ಇದೇ ಪರೀಕ್ಷೆಯನ್ನು ನೀವೇ ಮಾಡಿ. ಕ್ಲೋರಿನ್ ಪರೀಕ್ಷೆಯ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ, ಈಜುಕೊಳದ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್‌ನಲ್ಲಿ ಕೊಟ್ಟ ಕಿಟ್‌ನಲ್ಲೂ ಇರುತ್ತದೆ. ಸಿಕ್ಕರೆ ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತಗೊಳ್ಳಿ. ಉಳಿದ ಕ್ಲೋರಿನ್ನನ್ನು ಅದು ಬೇರೆಯಾಗಿ, ಸರಿಯಾಗಿ ತೋರಿಸುತ್ತದೆ. ಹಳದಿ ಹನಿಯೇ ಸಿಕ್ಕಿದರೆ ಅದರ ಜೊತೆ ಹುಷಾರು. ಆ ರಾಸಾಯನಿಕ ಒಳ್ಳೆಯದಲ್ಲ, ಕೈಗೆ ತಾಗಿಸಬೇಡಿ, ಪರೀಕ್ಷೆ ಮಾಡಿದ ನೀರನ್ನು ಚರಂಡಿಗೆ ಚೆಲ್ಲಿ.

ನೀರು ಬಿಟ್ಟ ದಿನದಿಂದ ಶುರು ಮಾಡಿ ನಾಲ್ಕು ಕಡೆ ನೋಡಬೇಕು. ಮೊದಲು ಬೀದಿಯಿಂದ ಬರುವ ಪೈಪಿನ ನೀರು, ಸಂಪಿಗೆ ಬೀಳುವ ಮುಂಚೆ. ನೀರು ಬಿಟ್ಟ ತಕ್ಷಣ ಹಿಡಿಯಬೇಡಿ, ಹತ್ತು ನಿಮಿಷ ಹರಿದ ಮೇಲೆ ಹಿಡಿಯಿರಿ. ಎರಡನೆಯದು ಮಾರನೇ ದಿನ ಬೆಳಗ್ಗೆ ಸಂಪಿನ ನೀರು. ಮೂರನೆಯದು ಮೇಲಿನ ಟ್ಯಾಂಕ್‌ನದು. ಕೊನೆಯದು ಅಡುಗೆಮನೆ ನಲ್ಲಿಯದು. ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮಾನದಂಡದ ಪ್ರಕಾರ ಗ್ರಾಹಕರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ವೈರಸ್ ಸೋಂಕಿನ ಭಯ ಇರುವ ಕಾಲದಲ್ಲಿ 0.5. ಹೆಚ್ಚೆಂದರೆ 1. ಈಗ ಚೀಟಿ ಓದಿ. ಬೀದಿ ಪೈಪಿನಲ್ಲೇ ಸೊನ್ನೆ ಬಂದರೆ ತೊಂದರೆ ಪಾಲಿಕೆಯ ಕಡೆಯದು. ಅದು ಅವತ್ತೇ ದೂರು ಕೊಡಬೇಕಾದ ವಿಷಯ, ಅಲ್ಲಿಯವರೆಗೆ ಕುದಿಸದೆ ಕುಡಿಯಬೇಡಿ. ಬೀದಿಯಲ್ಲಿ 0.5 ಇದ್ದು ಒಂದೇ ರಾತ್ರಿಯಲ್ಲಿ ಸಂಪಿನಲ್ಲಿ ಸೊನ್ನೆಯಾದರೆ ಸಂಪಿನ ತಳದಲ್ಲಿ ಕೆಸರಿದೆ ಅನ್ನಿ. ಸಂಪಿನಲ್ಲಿ ಇದ್ದು ಮೇಲಿನ ಟ್ಯಾಂಕ್‌ನಲ್ಲಿ ಹೋದರೆ ಟ್ಯಾಂಕ್ ನೋಡಬೇಕು. ಬಿಸಿಲಿಗೂ ಕ್ಲೋರಿನ್ ಕಡಿಮೆಯಾಗುತ್ತದೆ. ಟ್ಯಾಂಕಿನ ಮುಚ್ಚಳ ಹಾರಿಹೋಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೆಜ್ಜೆ 3: ಸಂಪು, ಟ್ಯಾಂಕ್ ತೊಳೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಕಡಿಮೆ ಖರ್ಚಿನಲ್ಲಿ ಜಾಸ್ತಿ ಲಾಭ ಇರುವುದು ಇದರಲ್ಲೇ. ಗೃಹಪ್ರವೇಶದ ದಿನ ಮುಚ್ಚಿದ ಸಂಪನ್ನು ಮತ್ತೆ ತೆರೆಯದ ಮನೆಗಳು ಬೇಕಾದಷ್ಟಿವೆ. ವರ್ಷಕ್ಕೆ ಎರಡು ಸಲ ತೊಳೆದರೆ ಒಳ್ಳೆಯದು. ಬೇಸಿಗೆಗೆ ಮುಂಚೆ ಒಂದು, ನಾಲೆಯ ಹೊಸ ನೀರು ಬಂದು ಕೆಂಪು ಕಡಿಮೆಯಾದ ಮೇಲೆ ಇನ್ನೊಂದು.

ನೀರು ಖಾಲಿ ಮಾಡಿ. ಕೆಸರನ್ನು ಬಕೆಟ್‌ನಲ್ಲಿ ಹೊರಗೆ ತೆಗೆಯಿರಿ. ಗೋಡೆಯ ಜಾರು ಪಾಚಿಯನ್ನು ಬ್ರಷ್‌ನಲ್ಲಿ ಉಜ್ಜಿ, ಎರಡು ಸಲ ತೊಳೆದು ಚೆಲ್ಲಿ. ಇಷ್ಟಾದ ಮೇಲೆಯೇ ಕ್ಲೋರಿನ್. ಕೆಸರು ಇರುವಾಗಲೇ ಬ್ಲೀಚಿಂಗ್ ಪೌಡರ್ ಸುರಿದು "ಕ್ಲೀನ್ ಆಯಿತು" ಅನ್ನುವ ಅಭ್ಯಾಸ ಇದೆಯಲ್ಲ, ಉಪಉತ್ಪನ್ನ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ತೊಳೆದು ಮತ್ತೆ ನೀರು ತುಂಬಿದ ಮೇಲೆ 1,000 ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಕದಡಿ ಹಾಕಿ. ಒಂದು ರಾತ್ರಿ ಬಿಡಿ. ಬೆಳಗ್ಗೆ ಪೂರ್ತಿ ಹೊರಗೆ ಬಿಟ್ಟು ಒಂದು ಸಲ ತೊಳೆಯಿರಿ. ಈ ನೀರನ್ನು ಕುಡಿಯುವುದಕ್ಕೂ ಗಿಡಕ್ಕೂ ಹಾಕಬಾರದು. ನೀರಿಗೆ ಕಷ್ಟ ಇರುವ ಕಾಲದಲ್ಲಿ ಇಡೀ ಸಂಪು ತುಂಬುವ ಬದಲು ಅದೇ ಹದದ ನೀರನ್ನು ಬಕೆಟ್‌ನಲ್ಲಿ ಮಾಡಿಕೊಂಡು ಗೋಡೆಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆದರೂ ನಡೆಯುತ್ತದೆ.

ಎರಡು ಎಚ್ಚರಿಕೆ, ಇವು ಪ್ರಾಣದ ಪ್ರಶ್ನೆ. ಮುಚ್ಚಿಟ್ಟ ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ನಿಂತ ಮೇಲೆಯೇ ಇಳಿಯಬೇಕು. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಂಪಿನೊಳಗೆ ಅದು ಎದ್ದರೆ ಹತ್ತಿ ಬರುವುದಕ್ಕೂ ಸಮಯ ಸಿಗುವುದಿಲ್ಲ.

ಹೆಜ್ಜೆ 4: ಬ್ಲೀಚಿಂಗ್ ಪೌಡರ್ ಕೈಯಳತೆಯಲ್ಲಿ ಬೇಡ

ಅಡುಗೆಮನೆ ನಲ್ಲಿಯಲ್ಲಿ 0.2 ಬರುತ್ತಿದ್ದರೆ ಏನೂ ಹಾಕಬೇಡಿ. ಟ್ಯಾಂಕರ್ ನೀರು, ತೆರೆದ ಬಾವಿ ನೀರು ತುಂಬಿಸಿಕೊಂಡಾಗ ಮಾತ್ರ ಇದು ಬೇಕು.

1,000 ಲೀಟರ್ ನೀರಿಗೆ ಒಳ್ಳೆಯ ಪೌಡರ್ 2.5 ಗ್ರಾಂ. ಅರ್ಧ ಟೀಚಮಚಕ್ಕೆ ಹತ್ತಿರ ಹತ್ತಿರ, ಆದರೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗುವುದೇ ಸರಿ. ಇದರಿಂದ ಲೀಟರಿಗೆ ಸುಮಾರು 0.7 ಮಿಲಿಗ್ರಾಂ ಕ್ಲೋರಿನ್ ಸೇರುತ್ತದೆ. ಪೌಡರನ್ನು ಒಂದು ಪ್ಲಾಸ್ಟಿಕ್ ಮಗ್‌ನಲ್ಲಿ ಗಟ್ಟಿಯಾಗಿ ಕಲಸಿ, ಆಮೇಲೆ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಅರ್ಧ ಗಂಟೆ ಕಾಯಿರಿ. ಆಮೇಲೆ ಹನಿ ಬಿಟ್ಟು ನೋಡಿ. ಕ್ಲೋರಿನ್ ಕಾಣದಿದ್ದರೆ ಇನ್ನಷ್ಟು ಸುರಿಯುವ ಮುಂಚೆ ನೀರು ಎಲ್ಲಿಂದ ಬಂತು, ಕದಡಿದೆಯಾ ಅಂತ ನೋಡಿ. ಕದಡಿದ ನೀರನ್ನು ಮೊದಲು ಪಟಿಕ ಹಾಕಿ ತಿಳಿ ಮಾಡಬೇಕು. ಪಟಿಕ ಮಣ್ಣಿನ ಜೊತೆ ಸಾವಯವ ಕೊಳೆಯನ್ನೂ ಒಂದಷ್ಟು ತಳಕ್ಕೆ ಇಳಿಸುತ್ತದೆ.

ಪೌಡರ್ ಹಳೆಯದಾದಷ್ಟೂ ಬಲ ಕಳೆದುಕೊಳ್ಳುತ್ತದೆ. ಹೊಸದರಲ್ಲಿ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದಿಟ್ಟ ಚೀಲದಲ್ಲಿ ಗಂಟುಗಟ್ಟಿದ, ಘಾಟಿಲ್ಲದ ಪೌಡರ್ ಕಂಡರೆ ತರಲೇಬೇಡಿ, ಅದರಲ್ಲಿ ಉಳಿದಿರುವುದು ಸುಣ್ಣ.

ಹೆಜ್ಜೆ 5: ಅಡುಗೆಮನೆಯಲ್ಲಿ ಏನು ಮಾಡಬೇಕು

ಕುದಿಸುವುದು ಹಳೆಯ ದಾರಿ, ಈಗಲೂ ಒಳ್ಳೆಯ ದಾರಿ. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುವ ವಸ್ತು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಮುಚ್ಚಳ ತೆಗೆದು ಐದು ನಿಮಿಷ ಬಿಟ್ಟರೆ ಟಿಎಚ್‌ಎಂನ ಬಹುಪಾಲು ಆವಿಯಲ್ಲಿ ಹೋಗುತ್ತದೆ. ಮುಚ್ಚಳ ಹಾಕಿ ಕುದಿಸಿದರೆ ಅಷ್ಟು ಹೋಗುವುದಿಲ್ಲ. ಕಿಟಕಿ ತೆಗೆದಿಡಿ. ಹ್ಯಾಲೋಅಸಿಟಿಕ್ ಆಮ್ಲಗಳು ಹೀಗೆ ಹಾರಿಹೋಗುವ ಜಾತಿಯವಲ್ಲ, ಅವುಗಳ ವಿಷಯದಲ್ಲಿ ಕುದಿಸುವುದನ್ನು ನಂಬಬೇಡಿ.

ಅದಕ್ಕೆ ಬೇಕಾದದ್ದು ಕಾರ್ಬನ್ ಫಿಲ್ಟರ್. ಆ್ಯಕ್ಟಿವೇಟೆಡ್ ಕಾರ್ಬನ್ ಎರಡೂ ಗುಂಪನ್ನು ಹಿಡಿಯುತ್ತದೆ, ಆದರೆ ಅದಕ್ಕೊಂದು ಆಯಸ್ಸಿದೆ. ಇಲ್ಲೊಂದು ಮೋಸ ಇದೆ. ಕಾರ್ಬನ್ ಹಳೆಯದಾದ ಮೇಲೂ ಕ್ಲೋರಿನ್ ವಾಸನೆಯನ್ನು ಬಹಳ ದಿನ ತೆಗೆಯುತ್ತಿರುತ್ತದೆ, ಟಿಎಚ್‌ಎಂ ಹಿಡಿಯುವ ಶಕ್ತಿ ಅದಕ್ಕೆ ಮುಂಚೆಯೇ ಮುಗಿದಿರುತ್ತದೆ. "ರುಚಿ ಚೆನ್ನಾಗೇ ಇದೆಯಲ್ಲ" ಅಂತ ಎರಡು ವರ್ಷ ಒಂದೇ ಕಾರ್ಟ್ರಿಜ್ ಓಡಿಸಬೇಡಿ. ಕಂಪನಿ ಹೇಳಿದ ಲೀಟರ್ ಲೆಕ್ಕಕ್ಕೆ ಬದಲಿಸಿ. ಕೊಳ್ಳುವಾಗ ಅಮೆರಿಕದ ಎನ್‌ಎಸ್‌ಎಫ್ ಸಂಸ್ಥೆಯ 53ನೇ ಮಾನದಂಡದ ಪ್ರಮಾಣಪತ್ರ ಇದೆಯಾ, ಅದರಲ್ಲಿ ಟಿಎಚ್‌ಎಂ ಸೇರಿದೆಯಾ ಅಂತ ಕೇಳಿ. ಬರೀ 42 ಅಂದರೆ ಅದು ರುಚಿ, ವಾಸನೆಗೆ ಮಾತ್ರ.

ಕಾರ್ಬನ್ ದಾಟಿದ ನೀರಲ್ಲಿ ಕ್ಲೋರಿನ್ ಇರುವುದಿಲ್ಲ, ಕಾವಲು ಹೋಯಿತು. ಅವತ್ತಿನ ನೀರು ಅವತ್ತೇ ಮುಗಿಸಿ. ಬಿಂದಿಗೆ ತೊಳೆದು ತುಂಬಿ, ಲೋಟ ಅದ್ದಬೇಡಿ.

ಆರ್‌ಒ ಬೇಕಾ? ಬೋರ್ ನೀರು ಕುಡಿಯುವವರಿಗೆ ಫ್ಲೋರೈಡ್, ಉಪ್ಪಿನ ಕಾರಣಕ್ಕೆ ಬೇಕಾಗಬಹುದು. ಬರೀ ಹೇಮಾವತಿ ನೀರು ಬರುವ ಮನೆಗೆ ನನ್ನ ಪ್ರಕಾರ ಅದು ದಂಡ. ಆ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಾಂಶ, ಸಾಮಾನ್ಯವಾಗಿ 500ರ ಮಿತಿಗಿಂತ ಸಾಕಷ್ಟು ಕೆಳಗಿರುತ್ತದೆ, ಯಂತ್ರ ಮಾತ್ರ ಬಿಂದಿಗೆಗಟ್ಟಲೆ ನೀರು ಚರಂಡಿಗೆ ಬಿಡುತ್ತದೆ. ಆರ್‌ಒ ಯಂತ್ರದಲ್ಲಿ ಟಿಎಚ್‌ಎಂ ತೆಗೆಯುವ ಕೆಲಸದ ದೊಡ್ಡ ಪಾಲು ಮಾಡುವುದು ಅದರೊಳಗಿನ ಕಾರ್ಬನ್ನೇ. ಟಿಡಿಎಸ್ ಮೀಟರ್ ಟಿಎಚ್‌ಎಂ ತೋರಿಸುವುದಿಲ್ಲ. ಯುವಿ ದೀಪ ರೋಗಾಣು ಕೊಲ್ಲುತ್ತದೆ, ಇದನ್ನು ತೆಗೆಯುವುದಿಲ್ಲ. ತಾಮ್ರದ ಚೊಂಬೂ ಅಷ್ಟೇ.

ಮನೆಯಲ್ಲಿ ಬಸುರಿ ಇದ್ದರೆ, ಬಾಟಲಿ ಹಾಲು ಕುಡಿಯುವ ಮಗು ಇದ್ದರೆ, ಕಾರ್ಬನ್ ದಾಟಿಸಿ ಆಮೇಲೆ ಕುದಿಸುವುದು ಒಳ್ಳೆಯದು. ಎರಡೂ ಗುಂಪಿನ ಉಪಉತ್ಪನ್ನಕ್ಕೂ ರೋಗಾಣುವಿಗೂ ಅದೇ ಸಾಕು.

ಹೆಜ್ಜೆ 6: ಬಚ್ಚಲುಮನೆ

ಟಿಎಚ್‌ಎಂ ಹಬೆಯಲ್ಲಿ ಮೂಗಿನಿಂದಲೂ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಬಿಸಿನೀರಿನ ಶವರ್ ಕೆಳಗೆ ಕಿಟಕಿ ಮುಚ್ಚಿಕೊಂಡು ಬಹಳ ಹೊತ್ತು ನಿಂತರೆ ಕುಡಿಯುವ ನೀರಿನಿಂದ ಹೋಗುವಷ್ಟೇ ಹೋದರೂ ಆಶ್ಚರ್ಯ ಇಲ್ಲ. ಗವಾಕ್ಷಿ ತೆಗೆಯಿರಿ ಅಥವಾ ಫ್ಯಾನ್ ಹಾಕಿ. ಬಕೆಟ್ ಸ್ನಾನದಲ್ಲಿ ಈ ಚಿಂತೆ ಕಡಿಮೆ. ಗೀಸರ್ ನೀರನ್ನು ಅಡುಗೆಗೆ ಹಿಡಿಯಬೇಡಿ, ಬಿಸಿಯಾಗಿ ನಿಂತಷ್ಟೂ ಅದರಲ್ಲಿ ಉಪಉತ್ಪನ್ನ ಬೆಳೆಯುತ್ತದೆ.

ಹೆಜ್ಜೆ 7: ಲ್ಯಾಬ್ ಪರೀಕ್ಷೆ ಮಾಡಿಸುವುದಾದರೆ

ಒಂದೊಂದು ಮನೆಗೂ ಇದು ಬೇಕಿಲ್ಲ. ಅಪಾರ್ಟ್‌ಮೆಂಟ್, ಶಾಲೆ, ಬಡಾವಣೆಯ ಸಂಘದವರು ಸೇರಿ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಟಿಎಚ್‌ಎಂ ಅಳೆಯಲು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ ಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ ಹೆಸರು ಎನ್‌ಎಬಿಎಲ್. ಫೋನ್‌ನಲ್ಲೇ "ಎನ್‌ಎಬಿಎಲ್ ಮಾನ್ಯತೆಯ ಪಟ್ಟಿಯಲ್ಲಿ ಟಿಎಚ್‌ಎಂ ಇದೆಯಾ?" ಅಂತ ಕೇಳಿ. ಲ್ಯಾಬಿಗೆ ಮಾನ್ಯತೆ ಇದ್ದರೆ ಸಾಲದು, ಈ ಪರೀಕ್ಷೆಗೂ ಇರಬೇಕು.

ನೀರು ಹಿಡಿಯುವುದರಲ್ಲೇ ಅರ್ಧ ಕೆಲಸ ಇದೆ. ಕಂದು ಗಾಜಿನ 40 ಮಿಲಿಲೀಟರಿನ ಪುಟ್ಟ ಶೀಷೆಯನ್ನು ಲ್ಯಾಬಿನವರೇ ಕೊಡುತ್ತಾರೆ. ಒಳಗೆ ಚಿಟಿಕೆ ಪುಡಿ ಇರುತ್ತದೆ, ಅದನ್ನು ತೊಳೆದು ಹಾಕಬೇಡಿ. ಕ್ಲೋರಿನ್ನನ್ನು ಅಲ್ಲೇ ನಿಲ್ಲಿಸುವ ಔಷಧಿ ಅದು. ಅದಿಲ್ಲದಿದ್ದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಶೀಷೆಯೊಳಗೇ ಇನ್ನಷ್ಟು ಟಿಎಚ್‌ಎಂ ಹುಟ್ಟುತ್ತದೆ. ನಲ್ಲಿಯ ಜಾಲರಿ ಬಿಚ್ಚಿ, ನೀರನ್ನು ಕೆಲವು ನಿಮಿಷ ಹರಿಯಬಿಡಿ. ಆಮೇಲೆ ಸಣ್ಣ ಧಾರೆ ಮಾಡಿ ಶೀಷೆಯ ಗೋಡೆಗೆ ತಾಗುವಂತೆ ತುಂಬಿ. ಬಾಯಿಯ ಮೇಲೆ ನೀರು ಗುಂಡಗೆ ಉಬ್ಬಿ ನಿಲ್ಲಬೇಕು, ಆಗ ಮುಚ್ಚಳ ತಿರುಗಿಸಿ. ತಲೆಕೆಳಗೆ ಮಾಡಿ ತಟ್ಟಿ ನೋಡಿ. ಗುಳ್ಳೆ ಕಂಡರೆ ಆ ಮಾದರಿ ಕೆಟ್ಟ ಹಾಗೆ, ಟಿಎಚ್‌ಎಂ ಆ ಗುಳ್ಳೆಗೆ ಹೋಗಿ ಸೇರಿಕೊಳ್ಳುತ್ತದೆ. ಬೇರೆ ಶೀಷೆಯಲ್ಲಿ ಹಿಡಿಯಿರಿ. ಐಸ್ ಜೊತೆ ಡಬ್ಬದಲ್ಲಿಟ್ಟು ಅವತ್ತೇ ಕಳಿಸಿ.

ವರದಿ ಬಂದ ಮೇಲೆ ಹೀಗೆ ಓದಿ. ಐಎಸ್ 10500 ಪ್ರಕಾರ ಲೀಟರಿಗೆ ಕ್ಲೋರೋಫಾರ್ಮ್ 200 ಮೈಕ್ರೋಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್ 60, ಡೈಬ್ರೋಮೋಕ್ಲೋರೋಮೀಥೇನ್ 100, ಬ್ರೋಮೋಫಾರ್ಮ್ 100. ವಿಶ್ವ ಆರೋಗ್ಯ ಸಂಸ್ಥೆಯದೂ ಇದೇ, ಕ್ಲೋರೋಫಾರ್ಮ್ ಮಾತ್ರ 300. ಆದರೆ ಆ ಸಂಸ್ಥೆ ಇನ್ನೊಂದು ಲೆಕ್ಕ ಹೇಳುತ್ತದೆ. ಒಂದೊಂದನ್ನೂ ಅದರ ಮಿತಿಯಿಂದ ಭಾಗಿಸಿ ಕೂಡಿದರೆ ಮೊತ್ತ 1 ದಾಟಬಾರದು.

ಉದಾಹರಣೆಗೆ ವರದಿಯಲ್ಲಿ ಇದೇ ಕ್ರಮದಲ್ಲಿ 90, 30, 20, 5 ಬಂದಿದೆ ಅಂದುಕೊಳ್ಳಿ. ನಾಲ್ಕೂ ಮಿತಿಯೊಳಗೇ ಇವೆ, ಲ್ಯಾಬಿನವರು 'ಪಾಸ್' ಅಂತಲೇ ಬರೆಯುತ್ತಾರೆ. ಈಗ ಭಾಗಿಸಿ. 90ನ್ನು 300ರಿಂದ ಭಾಗಿಸಿದರೆ 0.3. 30ನ್ನು 60ರಿಂದ, 0.5. 20ನ್ನು 100ರಿಂದ, 0.2. 5ನ್ನು 100ರಿಂದ, 0.05. ಒಟ್ಟು 1.05. ಮಿತಿ ದಾಟಿತು. ಅಮೆರಿಕದವರು ನಾಲ್ಕನ್ನೂ ಕೂಡಿ 80 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತಾರೆ. ಅದೂ ವರ್ಷದ ಸರಾಸರಿಯಲ್ಲಿ. ಇಲ್ಲಿ ಒಟ್ಟು 145. ಹೀಗೆ ಬಂದರೆ ಗಾಬರಿ ಬೇಡ, ಕಾರ್ಬನ್ ಫಿಲ್ಟರ್ ಹಾಕಿಸಿ, ಮುಂದಿನ ಹೆಜ್ಜೆ ಇಡಿ.

ಹೆಜ್ಜೆ 8: ಪಾಲಿಕೆಯನ್ನು ಕೇಳಿ

ಮನೆಯಲ್ಲಿ ನಾವು ಮಾಡುವುದೆಲ್ಲ ಕೊನೆಯ ನೂರು ಅಡಿಯ ಕೆಲಸ. ಉಪಉತ್ಪನ್ನ ನಿಜವಾಗಿ ಕಡಿಮೆಯಾಗಬೇಕಾದದ್ದು ನೀರು ಶುದ್ಧೀಕರಣ ಘಟಕದಲ್ಲಿ. ಕೆರೆಯ ನೀರು ಒಳಗೆ ಬಂದ ಕೂಡಲೇ ಪಾಚಿ ಸಾಯಲಿ ಅಂತ ಕ್ಲೋರಿನ್ ಹಾಕುವ ಪದ್ಧತಿ ಹಲವು ಊರುಗಳಲ್ಲಿದೆ. ಆಗ ಕೊಳೆಯೆಲ್ಲ ಇರುವಾಗಲೇ ಕ್ಲೋರಿನ್ ಸೇರುತ್ತದೆ, ಸತ್ತ ಪಾಚಿಯೊಳಗಿನ ರಸವೂ ನೀರಿಗೆ ಬರುತ್ತದೆ. ಪಟಿಕ ಹಾಕಿ ಕೆಸರು ಇಳಿಸಿ, ಮರಳಿನಲ್ಲಿ ಸೋಸಿದ ಮೇಲೆ ಮುಖ್ಯ ಡೋಸ್ ಹಾಕಿದರೆ ಅದೇ ನೀರಲ್ಲಿ ಉಪಉತ್ಪನ್ನ ಗಣನೀಯವಾಗಿ ಇಳಿಯುತ್ತದೆ.

ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. "ನೀರು ಶುದ್ಧವೇ?" ಅಂತ ಕೇಳಿದರೆ "ಹೌದು" ಅಂತ ಒಂದು ಸಾಲು ಬರುತ್ತದೆ. ದಾಖಲೆಯನ್ನೇ ಕೇಳಿ. ಕಳೆದ ಒಂದು ವರ್ಷದಲ್ಲಿ ಘಟಕದಲ್ಲೂ ಬಡಾವಣೆಯ ಕೊನೆಯ ನಲ್ಲಿಯಲ್ಲೂ ದಾಖಲಿಸಿದ ಉಳಿಕೆ ಕ್ಲೋರಿನ್ ಪ್ರಮಾಣದ ಪ್ರತಿ, ಐಎಸ್ 10500ರಂತೆ ಟಿಎಚ್‌ಎಂ ಪರೀಕ್ಷೆ ಮಾಡಿಸಿದ ವರದಿಯ ಪ್ರತಿ, ಸೋಸುವ ಮುಂಚೆ ಎಷ್ಟು ಕ್ಲೋರಿನ್, ಸೋಸಿದ ಮೇಲೆ ಎಷ್ಟು ಎಂಬ ಡೋಸಿಂಗ್ ಪುಸ್ತಕದ ಪ್ರತಿ, ನಿಮ್ಮ ಬಡಾವಣೆಯ ಓವರ್‌ಹೆಡ್ ಟ್ಯಾಂಕ್ ಕೊನೆಯ ಸಲ ತೊಳೆದ ದಿನಾಂಕ. ಈ ನಾಲ್ಕು ಸಾಕು.

ಟಿಎಚ್‌ಎಂ ಪರೀಕ್ಷೆಯನ್ನೇ ಮಾಡಿಸಿಲ್ಲ ಅಂತ ಉತ್ತರ ಬಂದರೆ ಆ ಉತ್ತರದ ಪ್ರತಿಯನ್ನು ಜೊತೆಗಿಟ್ಟು, ವರ್ಷಕ್ಕೆ ಎರಡು ಸಲ ಮಾಡಿಸಿ ಅಂತ ಆಯುಕ್ತರಿಗೆ ಬಡಾವಣೆಯ ಸಂಘದಿಂದ ಮನವಿ ಕೊಡಿ. ಯಾವಾಗ ಅನ್ನುವುದನ್ನೂ ಬರೆಯಿರಿ. ಒಂದು ಏಪ್ರಿಲ್ ಅಥವಾ ಮೇನಲ್ಲಿ, ಕೆರೆ ತಳ ಕಂಡು ಪಾಚಿ ಜಾಸ್ತಿ ಇರುವಾಗ. ಇನ್ನೊಂದು ನಾಲೆಯ ಹೊಸ ನೀರು ಬಂದ ಮೊದಲ ವಾರಗಳಲ್ಲಿ. ಮಾದರಿ ಹಿಡಿಯುವುದು ಘಟಕದ ಬಾಗಿಲಲ್ಲಿ ಬೇಡ, ಪೈಪ್‌ಲೈನಿನ ಕಟ್ಟಕಡೆಯ ಮನೆಯಲ್ಲಿ ಹಿಡಿಯಲಿ. ನೀರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕ್ಲೋರಿನ್ ಜೊತೆ ಕಳೆದಿರುವುದು ಅಲ್ಲಿಗೆ ಬರುವಷ್ಟರಲ್ಲೇ.